ಒಂದು ತಟ್ಟೆ ಬಿಸಿ ಊಟದ ಮಂಜೂರಾತಿ ಕೋರಿ ತೊಟ್ಟಿಲಿನ ಸನ್ನಿಧಾನಕ್ಕೆ

ಇಂದ:
ಅರ್ಜಿದಾರಳು,
ತಮ್ಮ ತಾಯಿ, ವೃತ್ತಿಯಲ್ಲಿ ಟೈಪಿಸ್ಟ್,
ದೊಡ್ಡ ಕಚೇರಿಯ ಗೇಟಿನ ಹೊರಗೆ, ಜೆರಾಕ್ಸ್ ಅಂಗಡಿಯ ಪಕ್ಕದ ಸ್ಟೂಲು.
ಹೆರಿಗೆಯ ಕಾರಣ ಸದ್ಯದ ಠಿಕಾಣಿ: ಅಡುಗೆಮನೆ, ಒಲೆಯ ಎಡಬದಿ.

ಗೆ:
ಮಾನ್ಯ ಶಿಶು ಮಹೋದಯೆಯವರು,
ಈ ಮನೆಯ ಏಕಮಾತ್ರ ಮೇಲಧಿಕಾರಿಗಳು,
ತೊಟ್ಟಿಲು, ಕಿಟಕಿಯ ಪಕ್ಕ.

ವಿಷಯ: ಒಲೆಯ ಮೇಲೆ ಬೆಂದ ಊಟವನ್ನು ಅರ್ಜಿದಾರಳು ತಟ್ಟೆಯಲ್ಲಿ ಬಡಿಸಿಕೊಂಡು, ಕುಳಿತು, ಎಲ್ಲರ ಕಣ್ಣೆದುರೇ ಉಣ್ಣಲು ಅನುಮತಿ ಕೋರಿ.

ಉಲ್ಲೇಖ:
೧) ತಮ್ಮ ತಂದೆಯವರು ಊಟದ ಮೇಜಿನ ಬಳಿ ಹೊರಡಿಸಿದ ಮೌಖಿಕ ಆದೇಶ: "ಇವತ್ತಿಂದ ನಿನಗೆ ಬರೀ ಹಸೀದು."
೨) ಅದಕ್ಕೆ ತಮ್ಮ ಅಜ್ಜಿಯವರ ಅನುಮೋದನೆ: "ಮಗೂಗೋಸ್ಕರ ತಾನೆ, ಸ್ವಲ್ಪ ತಡ್ಕೊ."
೩) ನಿನ್ನೆ ಸಂಜೆ ಖಾಲಿಯಾದ ಪಾತ್ರೆ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಈ ಮನೆಯಲ್ಲಿ ಹೊರಡುವ ಆದೇಶಗಳೆಲ್ಲ ತಮ್ಮ ಹೆಸರಿನಲ್ಲೇ ಹೊರಡುತ್ತಿವೆ. ಒಂದಕ್ಕೂ ತಮ್ಮ ಸಹಿ ಇಲ್ಲ. ತಮಗೆ ಇನ್ನೂ ಆಸರೆಯಿಲ್ಲದೆ ಕೂರಲು ಬಾರದು. ಆದರೂ "ಮಗೂಗೆ ಆಗಲ್ಲ", "ಮಗೂಗೆ ಬೇಡ", "ಮಗೂಗೆ ಒಗ್ಗಲ್ಲ" ಎಂದು ತಮ್ಮ ಪರವಾಗಿ ವಕಾಲತ್ತು ವಹಿಸಲು ಮನೆ ತುಂಬ ಜನ ಇದ್ದಾರೆ. ಕಾರಣ, ಮಧ್ಯವರ್ತಿಗಳನ್ನೆಲ್ಲ ಬದಿಗಿಟ್ಟು, ಅರ್ಜಿಯನ್ನು ನೇರವಾಗಿ ತಮಗೇ ಸಲ್ಲಿಸಲಾಗುತ್ತಿದೆ.

ಅರ್ಜಿದಾರಳು ಊರವರ ಅರ್ಜಿ ಬರೆದುಕೊಟ್ಟು ಬದುಕಿದವಳು. ಆದ್ದರಿಂದ ತನ್ನ ಬಗ್ಗೆಯೂ ಬೇರೆ ಯಾರೋ ಒಬ್ಬಳು ಎಂಬಂತೆಯೇ ಬರೆಯುತ್ತಾಳೆ. ಈ ಮನೆಯವರೂ ಅವಳ ಹೊಟ್ಟೆಯ ಬಗ್ಗೆ ಹಾಗೆಯೇ ಮಾತನಾಡಿಕೊಳ್ಳುವುದರಿಂದ ವಿಶೇಷ ವ್ಯತ್ಯಾಸವೇನೂ ಆಗದು.

೧. ಪ್ರಕರಣದ ಹಿನ್ನೆಲೆ

ತಾವು ಬಂದ ಹೊಸದರಲ್ಲಿ, ಸಂಜೆಯಾದರೆ ಸಾಕು, ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು, ಮುಖ ಕೆಂಪಗೆ ಮಾಡಿಕೊಂಡು, ಬೀದಿಯ ಆ ತುದಿಗೆ ಕೇಳುವಂತೆ ಅಳುತ್ತಿದ್ದಿರಿ. ತಮ್ಮ ತಂದೆಯವರು ಅಡುಗೆ ಗ್ಯಾಸಿನ ಏಜೆನ್ಸಿಯಲ್ಲಿ ಗುಮಾಸ್ತರು, ಕೆಟ್ಟವರೇನಲ್ಲ. ತಮ್ಮನ್ನು ಹೆಗಲಿಗೆ ಹಾಕಿಕೊಂಡು ವರಾಂಡದ ಈ ಗೋಡೆಯಿಂದ ಆ ಗೋಡೆಗೆ ಓಡಾಡಿ, ಯಾರೂ ನೋಡದ ಹಾಗೆ ತಾವೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಇದು ದಾಖಲೆಯಲ್ಲಿರಲಿ.

ಇಂಥ ಹೆದರಿದ ದಿನಗಳಲ್ಲೇ ಅವರಿಗೆ ಪಾರ್ಕಿನಲ್ಲಿ ಒಬ್ಬ ನಿವೃತ್ತ ಅಧಿಕಾರಿ ಗಂಟು ಬಿದ್ದರು. ಬೆಳಗಿನ ಹೊತ್ತು ಕಲ್ಲುಬೆಂಚಿನ ಮೇಲೆ ಕುಳಿತು, ನಡೆಯಲು ಬಂದವರಿಗೆಲ್ಲ ಬೆಂಕಿ ಮುಟ್ಟದ ಆಹಾರದ ಮಹಿಮೆ ಹೇಳುವುದು ಅವರ ಕಾಯಕ. ಬೀದಿಯಲ್ಲಿ ಅವರನ್ನು ಹಸಿ ಸಾಹೇಬರು ಎಂದೇ ಕರೆಯುತ್ತಾರೆ.

"ಬೇಯಿಸಿದ್ದು ಅಂದ್ರೆ ಸತ್ತದ್ದು ಕಣಯ್ಯಾ," ಎಂದರಂತೆ ಸಾಹೇಬರು. "ಸತ್ತದ್ದು ತಿಂದವಳ ಹಾಲಲ್ಲಿ ಜೀವ ಎಲ್ಲಿಂದ ಬರಬೇಕು? ಹೆಂಡ್ತಿ ಬಾಯಿಗೆ ಬೆಂದದ್ದು ಬೀಳದ ಹಾಗೆ ನೋಡ್ಕೊ. ಮಗು ಹೂವಿನ ಹಾಗೆ ಮಲಗದಿದ್ರೆ ನನ್ನ ಬಂದು ಕೇಳು."

ಅಂದೇ ಉಲ್ಲೇಖ (೧)ರ ಆದೇಶ ಹೊರಟಿತು. ಕೆಲವು ವಾರಗಳಲ್ಲಿ ತಮ್ಮ ಅಳು ನಿಂತಿತು. ಇಂಥ ಅಳು ಬೆಳೆಯುತ್ತಾ ಬೆಳೆಯುತ್ತಾ ತಾನಾಗಿಯೇ ನಿಲ್ಲುತ್ತದೆ ಎಂಬುದು ಮಕ್ಕಳನ್ನು ತೂಗುವ ನರ್ಸಮ್ಮನ ಅಭಿಪ್ರಾಯ. ಸೌತೆಕಾಯಿಯಿಂದ ನಿಂತಿತು ಎಂಬುದು ತಮ್ಮ ತಂದೆಯವರ ಅಭಿಪ್ರಾಯ. ಕೀರ್ತಿ ಸೌತೆಕಾಯಿಗೆ ಹೋಯಿತು. ಅರ್ಜಿದಾರಳ ತಟ್ಟೆಯಲ್ಲಿ ಅದಕ್ಕೆ ಕಾಯಂ ನೌಕರಿಯಾಯಿತು. ಜೊತೆಗೆ ಮೊಳಕೆ ಕಾಳು, ಕ್ಯಾರೆಟ್, ಎಲೆಕೋಸಿನ ಎಲೆ, ನೆನೆಸಿದ ಶೇಂಗಾ, ಕಾಲಕ್ಕೆ ತಕ್ಕ ಹಣ್ಣು. ಜಗಿದು ಜಗಿದು ಅರ್ಜಿದಾರಳ ದವಡೆ ನೋಯುತ್ತದೆ. ತಟ್ಟೆ ಬಿಟ್ಟು ಎದ್ದ ಅರ್ಧ ಗಂಟೆಗೆ ಹೊಟ್ಟೆ ಮತ್ತೆ ತಾಳ ಹಾಕುತ್ತದೆ.

೨. ಆದೇಶದ ವ್ಯಾಪ್ತಿ

ಸದರಿ ಆದೇಶವು ಈ ಮನೆಯಲ್ಲಿ ಒಬ್ಬಳಿಗೆ ಮಾತ್ರ ಅನ್ವಯ. ಈ ಕುರಿತು ನಡೆದ ವಿಚಾರ ವಿನಿಮಯ ಹೀಗಿದೆ:

"ರೀ, ಅಷ್ಟು ಒಳ್ಳೇದಾದ್ರೆ ನೀವೂ ತಿನ್ನಿ. ಎಲ್ಲರೂ ಒಟ್ಟಿಗೆ ಕೂತು ಮೆಲುಕು ಹಾಕೋಣ."

"ನಾನೇನು ಹಾಲು ಕೊಡ್ತೀನೇನೇ?"

"ಅತ್ತೆ?"

"ಅಮ್ಮನಿಗೆ ಹಲ್ಲಿಲ್ಲ. ಗೊತ್ತಿದ್ದೂ ಕೇಳ್ತೀಯಲ್ಲ."

"ಹೋಗಲಿ, ಆ ಸಾಹೇಬ್ರು ಮನೇಲಿ ಏನು ತಿಂತಾರಂತೆ?"

"ದೊಡ್ಡವರ ತಟ್ಟೆ ಇಣುಕೋ ಬುದ್ಧಿ ಬಿಡು ಮೊದಲು."

ಹೀಗಾಗಿ ಒಲೆ ಹಚ್ಚುವವಳೂ ಅವಳೇ, ಸೌಟು ಆಡಿಸುವವಳೂ ಅವಳೇ, ಇಳಿಸಿ ಬಡಿಸುವವಳೂ ಅವಳೇ, ಉಣ್ಣಬಾರದವಳೂ ಅವಳೇ. ತಮ್ಮ ತಂದೆಯವರದು ಮನೆ ಮನೆಗೆ ಬೆಂಕಿ ಹಂಚುವ ನೌಕರಿ. ಸಿಲಿಂಡರ್ ತಲುಪುವುದು ಒಂದು ದಿನ ತಡವಾದರೆ ಹೆಂಗಸರು ಫೋನಿನಲ್ಲಿ ಅವರ ಗ್ರಹಚಾರ ಬಿಡಿಸುತ್ತಾರೆ. ಒಲೆ ಹತ್ತದ ಮನೆಯ ಕಷ್ಟ ಏನೆಂದು ಇಡೀ ಊರಿನಲ್ಲಿ ಅವರಿಗಿಂತ ಚೆನ್ನಾಗಿ ತಿಳಿದವರಿಲ್ಲ. ಆ ತಿಳಿವಳಿಕೆಯನ್ನು ಅವರು ಆಫೀಸಿನ ಡ್ರಾಯರಿನಲ್ಲೇ ಇಟ್ಟು ಬೀಗ ಹಾಕಿ ಬರುತ್ತಾರೆ.

ಬೆಳ್ಳುಳ್ಳಿ ಎಣ್ಣೆಯಲ್ಲಿ ಕೆಂಪಗಾಗುವಾಗ ಏಳುವ ವಾಸನೆಯು ಆದೇಶದ ವ್ಯಾಪ್ತಿಗೆ ಬರುತ್ತದೆಯೇ ಎಂದು ಅರ್ಜಿದಾರಳು ಸ್ಪಷ್ಟೀಕರಣ ಕೇಳಿದ್ದಳು. ಉತ್ತರ ಬರಲಿಲ್ಲ. ಆದ್ದರಿಂದ ಸದರಿ ವಾಸನೆಯನ್ನು ಹೊಟ್ಟೆ ತುಂಬ ಎಳೆದುಕೊಂಡಿರುತ್ತಾಳೆ.

೩. ಉಪ್ಪಿನ ತಾಂತ್ರಿಕ ತೊಡಕು

ಅಡುಗೆ ಮಾಡುವವಳು ಉಪ್ಪು ನೋಡಬೇಕು. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನಾಲಿಗೆಗೆ ಹಚ್ಚುವುದು ಅರ್ಜಿದಾರಳ ಕೈಗೆ ಅಂಟಿದ ರೂಢಿ. ಆದೇಶ ಜಾರಿಯಾದ ಮೇಲೆ ಈ ಹೊಣೆಯನ್ನು ತಮ್ಮ ಅಜ್ಜಿಯವರಿಗೆ ವಹಿಸಲಾಯಿತು. ಅವರು ಬಿ.ಪಿ.ಗೆ ಹೆದರಿ ಎಲ್ಲದಕ್ಕೂ "ಸರಿಯಾಗಿದೆ, ಸಾಕು" ಎಂದುಬಿಡುತ್ತಿದ್ದರು. ತಮ್ಮ ತಂದೆಯವರು ಸಪ್ಪೆ ಊಟವನ್ನು ಕೆಲವು ದಿನ ಸಹಿಸಿ, ಆಮೇಲೆ ಮುಖ ಊದಿಸಿಕೊಂಡು, ಕೊನೆಗೆ ತಿದ್ದುಪಡಿ ಆದೇಶ ಹೊರಡಿಸಿದರು:

"ನೀನೇ ಉಪ್ಪು ನೋಡು. ಆದರೆ ನುಂಗಬೇಡ. ನೋಡಿ ಉಗುಳಿಬಿಡು."

ಅರ್ಜಿದಾರಳು ಉಗುಳಿದ್ದಾಳೆ. ತೊಟ್ಟಿಲಲ್ಲಿ ತಾವು ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನೋಡುತ್ತಿದ್ದಂತೆ, ತಾನೇ ಹೆಚ್ಚಿ ತಾನೇ ಬೇಯಿಸಿದ್ದನ್ನು ಸಿಂಕಿಗೆ ಉಗುಳಿ, ನಲ್ಲಿ ಬಿಟ್ಟು ತೊಳೆದಿದ್ದಾಳೆ. ಸಿಂಕಿಗೂ ಈ ಮನೆಯಲ್ಲಿ ಅವಳಿಗಿಂತ ಒಂದು ತುತ್ತು ಹೆಚ್ಚೇ ಸಂದಿದೆ.

೪. ತಕ್ಕಡಿಯ ಸಾಕ್ಷ್ಯ

ಕಳೆದ ಬಾರಿ ತಮ್ಮನ್ನು ತೂಗಿಸಲು ಹೋದಾಗ ನರ್ಸಮ್ಮ ಮುಳ್ಳು ನೋಡಿದರು, ಕಾರ್ಡು ನೋಡಿದರು, ಮತ್ತೆ ಮುಳ್ಳು ನೋಡಿದರು. ತೂಕ ಹಿಂದಿನ ಸಲದ ಜಾಗದಲ್ಲೇ ನಿಂತಿತ್ತು.

"ಊಟ ಏನು ಮಾಡ್ತಿದ್ದೀರಮ್ಮ?" ಎಂದು ಕೇಳಿದರು.

"ಶುದ್ಧ ಆಹಾರ ಮೇಡಂ, ಬೆಂಕಿ ಮುಟ್ಟದ್ದು," ಎಂದರು ತಮ್ಮ ತಂದೆಯವರು.

"ನಿಮ್ಮನ್ನ ಕೇಳಲಿಲ್ಲ ಸಾರ್. ಅವರ ಬಾಯಿಗೆ ಏನಾಗಿದೆ?"

ಅರ್ಜಿದಾರಳು ತನ್ನ ಬಾಯಿಗೆ ಏನಾಗಿದೆಯೆಂದು ತಾನೇ ಹೇಳಿದಳು. ಎದ್ದರೆ ಕಣ್ಣು ಕತ್ತಲೆ ಬರುವುದನ್ನೂ, ಬಟ್ಟೆ ಹಿಂಡುವಾಗ ಕೈ ನಡುಗುವುದನ್ನೂ, ತಾವು ಎದೆಗೆ ಕಚ್ಚಿಕೊಂಡು ಎಳೆದೆಳೆದು, ಸಿಗದೆ ಸಿಟ್ಟಾಗಿ ತಲೆ ಕೊಡವುವುದನ್ನೂ ಹೇಳಿದಳು. ನರ್ಸಮ್ಮನ ಹಿಂದೆ ಇನ್ನೂ ಉದ್ದದ ಸಾಲಿತ್ತು. ಅವರು ಭಾಷಣ ಮಾಡಲಿಲ್ಲ.

"ಹಣ್ಣು ತರಕಾರಿ ತಿನ್ನಿ, ಬೇಡ ಅನ್ನಲ್ಲ. ಅದರ ಜೊತೆ ಹೊಟ್ಟೆ ತುಂಬ ಬೇಯಿಸಿದ ಊಟ ಮಾಡಿ. ಬರೀ ಹಸೀದರಲ್ಲೇ ಇದ್ರೆ ನೀವೂ ಒಣಗ್ತೀರಿ, ಮಗೂಗೂ ಬೇಕಾದ್ದು ಸಿಗಲ್ಲ. ರಕ್ತ ಪರೀಕ್ಷೆಗೆ ಬರ್ಕೊಡ್ತೀನಿ, ಡಾಕ್ಟ್ರಿಗೆ ತೋರಿಸಿ. ಮುಂದಿನವರು ಬನ್ನಿ."

ಮರಳುವ ದಾರಿಯಲ್ಲಿ ತಮ್ಮ ತಂದೆಯವರು ನೀಡಿದ ಹೇಳಿಕೆ: "ಆ ತಕ್ಕಡಿ ನೋಡಿದ್ಯಾ? ನಮ್ಮಜ್ಜನ ಕಾಲದ್ದು. ಮುಳ್ಳೇ ಅಲ್ಲಾಡಲ್ಲ."

ಅಲ್ಲಾಡದಿದ್ದುದು ಮುಳ್ಳಲ್ಲ ಎಂಬುದನ್ನು ಅರ್ಜಿದಾರಳು ವಿನಮ್ರವಾಗಿ ದಾಖಲಿಸುತ್ತಾಳೆ.

೫. ಘಟನೆ

ನಿನ್ನೆ ಸಂಜೆ ತಮ್ಮ ತಂದೆಯವರು ಮಡಚಿದ ಒಂದು ಹಾಳೆಯನ್ನೂ, ಟೈಪ್ ಮಾಡಲೆಂದು ಏನೂ ಬರೆಯದ ಇನ್ನೊಂದನ್ನೂ ತಂದು ಅಡುಗೆಮನೆಯ ಕಟ್ಟೆಯ ಮೇಲೆ, ಟೈಪ್‌ರೈಟರಿನ ಪಕ್ಕ ಇಟ್ಟರು.

"ಭಾನುವಾರ ಸಾಹೇಬ್ರು ಮನೆಗೆ ಬರ್ತಾರೆ. ಕ್ಯಾಮೆರಾದವರೂ ಬರ್ತಾರೆ. ನೀನು ಮಗೂನ ಎತ್ಕೊಂಡು ಕೂತ್ಕೊಬೇಕು, ಇದನ್ನ ಓದಬೇಕು. ನೀಟಾಗಿ ಟೈಪ್ ಮಾಡಿ ಸಹಿ ಹಾಕಿಡು. ಹೆರಿಗೆ ಆಸ್ಪತ್ರೆ ಬಾಗಿಲಲ್ಲಿ ಹಂಚ್ತಾರಂತೆ. ನಿನ್ನ ಫೋಟೋ ಕಣೇ, ಎಲ್ಲ ತಾಯಂದಿರ ಕೈಲೂ!"

ಅವರ ಮುಖದಲ್ಲಿ ನಿಜವಾದ ಹೆಮ್ಮೆ ಇತ್ತು. ಅದೇ ಕಷ್ಟ. ಹೆಮ್ಮೆ ಪಡುತ್ತಿರುವವನ ಜೊತೆ ಜಗಳ ಆಡುವುದು ಹೇಗೆ?

ಹಾಳೆಯಲ್ಲಿ ಸಾಹೇಬರ ಗುಂಡು ಅಕ್ಷರ: "ನಾನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಬೆಂಕಿ ಮುಟ್ಟದ ಆಹಾರವನ್ನಷ್ಟೇ ಸೇವಿಸಿ ನನ್ನ ಮಗುವಿಗೆ ಹಾಲೂಡಿಸುತ್ತಿದ್ದೇನೆ. ದಣಿವು ಎಂಬುದನ್ನೇ ನಾನು ಕಂಡಿಲ್ಲ. ತಾಯಂದಿರೇ, ತಾವೂ ನನ್ನಂತಾಗಿ."

ಸ್ವಇಚ್ಛೆ ಎಂಬುದು ಹೇಗೆ ತಯಾರಾಗುತ್ತದೆಂದು ಗೇಟಿನ ಹೊರಗೆ ಸ್ಟೂಲು ಹಾಕಿಕೊಂಡವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಬ್ಬ ಅಣ್ಣನೋ ಗಂಡನೋ ಪಕ್ಕದಲ್ಲಿ ನಿಂತು ಹೇಳುತ್ತಾನೆ, ಟೈಪಿಸ್ಟು ಕುಟ್ಟುತ್ತಾಳೆ, ಹೆಬ್ಬೆಟ್ಟು ಮಾತ್ರ ಆ ಹೆಂಗಸಿನದು. ಆಸ್ತಿಯಲ್ಲಿ ಪಾಲು ಬೇಡವೆಂದು ಸ್ವಇಚ್ಛೆ, ನೌಕರಿ ಬಿಡುತ್ತೇನೆಂದು ಸ್ವಇಚ್ಛೆ, ದೂರು ಹಿಂಪಡೆಯುತ್ತೇನೆಂದು ಸ್ವಇಚ್ಛೆ. ಈಗ ಹಸಿದಿರುತ್ತೇನೆಂದೂ ಸ್ವಇಚ್ಛೆ. ಅದೂ ತಾನೊಬ್ಬಳೇ ಹಸಿದಿದ್ದರೆ ಸಾಲದು. ಮೊನ್ನೆ ಮೊನ್ನೆ ಹೆತ್ತು ಇನ್ನೂ ನೆಟ್ಟಗೆ ನಡೆಯಲಾರದ ಹೆಂಗಸರೆಲ್ಲ ಅವಳ ಫೋಟೋ ನೋಡಿ ತಟ್ಟೆ ದೂರ ತಳ್ಳಬೇಕು.

ಒಲೆಯ ಮೇಲೆ ಆಲೂಗಡ್ಡೆ, ಕ್ಯಾರೆಟ್, ನೆನೆಸಿದ ಕಾಳು ಒಟ್ಟಿಗೆ ಬೆಂದು ಗಟ್ಟಿಯಾಗಿ ಕುದಿಯುತ್ತಿತ್ತು. ಅರ್ಜಿದಾರಳು ಒಲೆ ಆರಿಸಿದಳು. ಕರ್ತವ್ಯದ ಪ್ರಕಾರ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡಳು. ಉಪ್ಪು ಸರಿಯಾಗಿತ್ತು. ಸರಿಯಾಗಿದೆಯೆಂಬುದನ್ನು ಮತ್ತೊಮ್ಮೆ ಖಚಿತಪಡಿಸಿಕೊಂಡಳು. ಸಿಂಕು ಎರಡು ಹೆಜ್ಜೆ ಆಚೆ ಇತ್ತು. ಕಾಲು ಅತ್ತ ಹೋಗಲಿಲ್ಲ. ಮೇಲಿನ ಪದರದ ಉಪ್ಪು ಸರಿ, ನಡುವಿನದು? ನಡುವಿನದೂ ಸರಿ, ತಳದ್ದು? ತನಿಖೆಯನ್ನು ಅರ್ಧಕ್ಕೆ ನಿಲ್ಲಿಸುವುದು ನಿಯಮಬಾಹಿರವಾದ್ದರಿಂದ, ಸೌಟನ್ನು ಬದಿಗಿಟ್ಟು, ಚಮಚ ಹಿಡಿದು, ನೆಲದ ಮೇಲೆ ಕುಳಿತು, ಪಾತ್ರೆಯನ್ನು ಕಾಲುಗಳ ನಡುವೆ ಇಟ್ಟುಕೊಂಡು, ತಳದವರೆಗೂ ಕೂಲಂಕಷವಾಗಿ ಪರಿಶೀಲಿಸಲಾಯಿತು. ಕೊನೆಯಲ್ಲಿ ಬೆರಳಿನಿಂದ ಬಳಿದು ನೋಡಲಾಯಿತು. ಉಪ್ಪು ಎಲ್ಲೆಡೆ ಸರಿಯಾಗಿತ್ತು. ಕಣ್ಣಲ್ಲಿ ಇಳಿದದ್ದಕ್ಕೂ ಉಪ್ಪಿತ್ತು. ಅದು ಬೇರೆ ಲೆಕ್ಕ.

೬. ವಿಚಾರಣೆ

ತಮ್ಮ ತಂದೆಯವರು ಕೈ ತೊಳೆದು ಬಂದು ಮೇಜಿಗೆ ಕುಳಿತರು.

"ಊಟಕ್ಕೆ ಏನಿದೆ?"

"ಸೌತೆಕಾಯಿ ಇದೆ."

"ತಮಾಷೆ ಸಾಕು. ಪಾತ್ರೆ ಎಲ್ಲಿ?"

"ಇಲ್ಲೇ ಇದೆ. ಉಪ್ಪು ನೋಡ್ದೆ."

"ಇಡೀ ಪಾತ್ರೇನಾ?"

"ಹಸಿವಾಗಿತ್ತು ರೀ. ತಿಂದೆ."

"ಒಂದು ನಾಲಿಗೆ ಹಿಡ್ಕೊಳ್ಳೋಕೆ ಆಗಲ್ವೇನೇ ನಿನಗೆ? ಮಗು ಮುಖ ಆದ್ರೂ ನೋಡಬಾರ್ದಾ?"

"ಮಗು ಮುಖ ನೋಡ್ಕೊಂಡೇ ತಿಂದೆ. ಇವತ್ತೊಂದು ಹೊತ್ತು ನೀವು ಸೌತೆಕಾಯಿ ತಿನ್ನಿ. ನಾಳೆ ಕೂತು ಮಾತಾಡೋಣ."

ತಮ್ಮ ತಂದೆಯವರು ಸೌತೆಕಾಯಿಯನ್ನು ನೋಡಿದರು. ಒಂದು ಹೋಳು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಜಗಿದರು, ಇನ್ನೊಂದನ್ನು ಕಚ್ಚಿ ಹಾಗೇ ಬಿಟ್ಟರು. ಆಮೇಲೆ "ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡರು. ಮರಳಿ ಬಂದಾಗ ಮೀಸೆಯಲ್ಲಿ ಕರಿದ ಎಣ್ಣೆಯ ವಾಸನೆ ಇತ್ತು. ನಮ್ಮ ಬೀದಿಯ ಗಾಳಿಯಲ್ಲಿ ಎಣ್ಣೆಯ ಅಂಶ ಹೆಚ್ಚುತ್ತಿರುವ ಬಗ್ಗೆ ಸಂಬಂಧಪಟ್ಟವರು ಗಮನಹರಿಸಬಹುದು.

ಅವರು ಗಾಳಿಗೆ ಹೋದ ಹೊತ್ತಿನಲ್ಲಿ ಅರ್ಜಿದಾರಳು ತಮ್ಮ ಅಜ್ಜಿಯವರಿಗೆ ಬಿಸಿ ಹಾಲಿನಲ್ಲಿ ಬ್ರೆಡ್ಡು ನೆನೆಸಿ ಕೊಟ್ಟಳು. ಬೈಗುಳಕ್ಕೆ ಕಿವಿ ಸಿದ್ಧವಾಗಿತ್ತು. ಅವರು ಬಟ್ಟಲಿನಿಂದ ಮುಖ ಎತ್ತಲಿಲ್ಲ.

"ನಮಗೆ ಹಸೀದು ಮುಟ್ಟೋ ಹಾಗಿರಲಿಲ್ಲ ಕಣಮ್ಮ," ಎಂದರು.

"ಏನತ್ತೆ?"

"ಮಗೂಗೆ ಶೀತ ಆಗುತ್ತೆ ಅಂತ. ಹಣ್ಣಿಲ್ಲ, ಸೌತೆಕಾಯಿ ಇಲ್ಲ, ತಣ್ಣೀರೂ ಇಲ್ಲ. ಎಲ್ಲ ಬೇಯಿಸಿ ಬೇಯಿಸಿ ಸಪ್ಪೆ ಮಾಡಿ ಕೊಡೋರು. ನನಗೋ ಸೌತೆಕಾಯಿ ಅಂದ್ರೆ ಜೀವ. ಒಂದಿನ ಒಂದನ್ನ ಸೆರಗಲ್ಲಿ ಮುಚ್ಕೊಂಡು ಸ್ನಾನದ ಮನೆಗೆ ಹೋಗಿ ಚಿಲಕ ಹಾಕ್ಕೊಂಡೆ. ನಲ್ಲಿ ಜೋರಾಗಿ ಬಿಟ್ಟೆ."

"ನಲ್ಲಿ ಯಾಕೆ?"

"ಕಚ್ಚೋ ಸದ್ದು ಹೊರಗೆ ಕೇಳಬಾರ್ದಲ್ಲ."

ಅಜ್ಜಿ ಬೊಚ್ಚು ಬಾಯಿ ತೆರೆದು ನಕ್ಕರು. ನಗುತ್ತ ನಗುತ್ತ ಬಟ್ಟಲನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡರು. "ತಡ್ಕೊ ಅಂತ ನಾನೇ ಹೇಳಿದ್ನಲ್ಲೇ ನಿನಗೆ," ಎಂದರು. "ನನ್ನ ಬಾಯಿಗಿಷ್ಟು ಮಣ್ಣು ಬೀಳ."

ಅಂದು ಸ್ನಾನದ ಮನೆಯಿಂದ ಹೊರಬಂದ ತಾಯಿಯ ಹಾಲು ಕುಡಿದ ಕೂಸೇ ಉಲ್ಲೇಖ (೧)ರ ಆದೇಶಾಧಿಕಾರಿಗಳು ಎಂಬುದನ್ನು ತಾವು ಗಮನಿಸಬೇಕು. ಅವರಿಗೆ ಶೀತವಾಗಲಿಲ್ಲ. ಬುದ್ಧಿಯೂ ಬರಲಿಲ್ಲ.

ಆಗ ಹಸಿಯದು ನಿಷೇಧ, ಈಗ ಬೆಂದದ್ದು ನಿಷೇಧ. ಪಟ್ಟಿ ತಲೆಕೆಳಗಾಗಿದೆ, ಬಾಯಿಗೆ ಹಾಕಿದ ಬೀಗ ಮಾತ್ರ ಅದೇ, ಕೀಲಿಕೈ ಇಟ್ಟುಕೊಂಡವರೂ ಅವರೇ. ಅರ್ಜಿದಾರಳಿಗೆ ಸೌತೆಕಾಯಿಯ ಮೇಲೆ ವೈಯಕ್ತಿಕ ದ್ವೇಷವಿಲ್ಲ. ಊಟದ ಪಕ್ಕ ಕುಳಿತರೆ ಅದು ಚೆಲುವೆ. ಊಟದ ಜಾಗದಲ್ಲೇ ಗೂಟ ಹೊಡೆದುಕೊಂಡು ಕುಳಿತರೆ ಒತ್ತುವರಿ. ಒತ್ತುವರಿ ತೆರವಿನ ಅರ್ಜಿಗಳನ್ನು ಅರ್ಜಿದಾರಳು ಬೇಕಾದಷ್ಟು ಬರೆದಿದ್ದಾಳೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಪ್ರಾರ್ಥನೆ:

ಅ) ಅರ್ಜಿದಾರಳು ಇಂದಿನಿಂದ ಎಲ್ಲರ ಜೊತೆ, ಎಲ್ಲರ ಹಾಗೆ, ಬಿಸಿಯಾಗಿ ಉಣ್ಣಲು ಅನುಮತಿ ನೀಡಬೇಕು. ಹಣ್ಣು ತರಕಾರಿಗಳ ಸೇವೆಯನ್ನು ಊಟದ ಜೊತೆಗೆ ಮುಂದುವರಿಸಬಹುದು.

ಆ) ನರ್ಸಮ್ಮ ಬರೆದುಕೊಟ್ಟ ಪರೀಕ್ಷೆಗೆ ಹೋಗುವಾಗ ಅರ್ಜಿದಾರಳ ಬಾಯಿಯ ಪರವಾಗಿ ಬೇರೆಯವರು ಹಾಜರಾಗತಕ್ಕದ್ದಲ್ಲ.

ಇ) ಭಾನುವಾರ ಹಸಿ ಸಾಹೇಬರು ಬಂದಾಗ ಸ್ವಇಚ್ಛೆಯ ಹೇಳಿಕೆಯನ್ನು ಓದಲಾಗುವುದಿಲ್ಲ. ಅದರ ಬದಲು ಕ್ಯಾಮೆರಾದ ಮುಂದೆ ಅರ್ಜಿದಾರಳು ಒಂದು ತಟ್ಟೆ ಬಿಸಿ ಊಟವನ್ನು, ಆವಿ ಕಾಣುವಂತೆ, ನಿಧಾನವಾಗಿ ಉಣ್ಣುತ್ತಾಳೆ. ತಾವು ಅಜ್ಜಿಯವರ ತೊಡೆಯ ಮೇಲೆ ಹಾಜರಿರಬೇಕು. ಸಾಹೇಬರು ಕೆನ್ನೆ ಹಿಂಡಲು ಬಂದರೆ ನಗಬಾರದು. ಅವರಿಗೂ ಒಂದು ತಟ್ಟೆ ಇಡಲಾಗುವುದು. ಉಣ್ಣುತ್ತಾರೆಂದೇ ಅರ್ಜಿದಾರಳ ನಂಬಿಕೆ.

ಈ) ಈ ಅರ್ಜಿಗೆ ತಮ್ಮ ಆಕ್ಷೇಪಣೆ ಏನಾದರೂ ಇದ್ದಲ್ಲಿ ಭಾನುವಾರದೊಳಗೆ ಸ್ಪಷ್ಟ ಮಾತುಗಳಲ್ಲಿ, ಖುದ್ದಾಗಿ ತಿಳಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ಸಮ್ಮತಿ ಇದೆಯೆಂದು ಪರಿಗಣಿಸಲಾಗುವುದು. ದೊಡ್ಡ ಕಚೇರಿಗಳು ಬಾಯಿಲ್ಲದವರ ಸಮ್ಮತಿಯನ್ನು ಪಡೆಯುವುದು ಹೀಗೆಯೇ. ಒಮ್ಮೆಯಾದರೂ ಅದು ಬಾಯಿಲ್ಲದವರ ಹೊಟ್ಟೆಗೆ ಉಪಯೋಗವಾಗಲಿ.

ಇಂತಿ, ತಮ್ಮನ್ನು ಹೊತ್ತು ಹೆತ್ತು ಇನ್ನೂ ಉಣಿಸುತ್ತಿರುವ,
ಹಸಿವಿನಲ್ಲೂ ತಮ್ಮ ವಿಶ್ವಾಸಿಯೇ ಆದ,
ಅರ್ಜಿದಾರಳು

ದಿನಾಂಕ: ತಮ್ಮ ಕೆಳದವಡೆಯಲ್ಲಿ ಮೊದಲ ಹಲ್ಲು ಬೆಳ್ಳಗೆ ಇಣುಕಿದ ಮರುದಿನ.

ಲಗತ್ತುಗಳು:
೧) ತೂಕದ ಕಾರ್ಡು ಮತ್ತು ರಕ್ತ ಪರೀಕ್ಷೆಯ ಚೀಟಿ.
೨) ಪಾತ್ರೆ, ಖಾಲಿ. ಸಾಕ್ಷ್ಯವಾದ್ದರಿಂದ ತೊಳೆದಿಲ್ಲ.
೩) ಸೌತೆಕಾಯಿ, ಒಂದು ಹೋಳು ಕಡಿಮೆ (ತಂದೆಯವರ ಹಲ್ಲಿನ ಗುರುತು ಸಹಿತ).
೪) ಅಜ್ಜಿಯವರ ಸಾಕ್ಷಿ ಹೇಳಿಕೆ, ಮೌಖಿಕ. ಕೇಳಿದರೆ ಮತ್ತೆ ನಗುತ್ತಾರೆ.

ಪ್ರತಿ: ತಮ್ಮ ತಂದೆಯವರಿಗೆ, ಮಾಹಿತಿಗಾಗಿ. ಮೇಜಿನ ಮೇಲೆ, ಅವರ ತಟ್ಟೆಯ ಕೆಳಗೆ.

ಷರಾ (ಕೈಬರಹದಲ್ಲಿ):

ಖಾಲಿ ಹಾಳೆಯು ತಂದೆಯವರ ಪ್ರತಿಗೆ ಖರ್ಚಾಗಿ, ಮನೆಯಲ್ಲಿ ಬೇರೆ ಒಳ್ಳೆಯ ಕಾಗದ ಇಲ್ಲದ ಕಾರಣ, ಅರ್ಜಿಯ ಮೂಲ ಪ್ರತಿಯನ್ನು ಸಾಹೇಬರ ಹಾಳೆಯ ಹಿಂಬದಿಯಲ್ಲೇ ಟೈಪ್ ಮಾಡಿ ತಮ್ಮ ಮುಂದೆ ಹಿಡಿಯಲಾಗಿತ್ತು. ತಾವು ಎರಡೂ ಕೈಯಿಂದ ಸೆಳೆದುಕೊಂಡು, ಹೊಸ ಹಲ್ಲು ಊರಿ, ಕೆಳಗಿನ ಎಡಮೂಲೆಯನ್ನು ಹಸಿಯಾಗಿಯೇ ಬಾಯಿಗೆ ಹಾಕಿಕೊಂಡಿರಿ. ಬೆರಳು ಹಾಕಿ ತೆಗೆಯಲಾಗಿದೆ, ಕಾಳಜಿ ಬೇಡ. ಹಾಳೆ ತಿರುಗಿಸಿ ನೋಡಿದಾಗ, ಸ್ವಇಚ್ಛೆಯ ಕೆಳಗೆ ಅರ್ಜಿದಾರಳ ಸಹಿಗೆಂದು ಸಾಹೇಬರು ಗೆರೆ ಎಳೆದು ಬಿಟ್ಟಿದ್ದ ಜಾಗ ಉಳಿದಿಲ್ಲವೆಂದು ತಿಳಿದುಬಂದ ಕಾರಣ, ಅರ್ಜಿ ಮಂಜೂರಾಗಿದೆಯೆಂದೇ ಭಾವಿಸಿ ಒಲೆ ಹಚ್ಚಲಾಗಿದೆ.

ತಟ್ಟೆ ಹಾಕಿಕೊಂಡು ಕುಳಿತ ಕೂಡಲೇ ಎಚ್ಚರವಾಗುವುದು ತಮ್ಮ ರೂಢಿ. ಇವತ್ತೊಂದು ದಿನ, ತಟ್ಟೆ ಖಾಲಿಯಾಗುವವರೆಗೆ, ದಯಮಾಡಿ ಅಳಬಾರದೆಂದು ಕೋರಿಕೆ.